ಬೌದ್ಧಧರ್ಮ ವೈಜ್ಞಾನಿಕವೇ? ಮುಂಡಗೋಡದ ತರಗತಿಯಿಂದ ಕಾಣುವ ಚಿತ್ರ

ಬ್ಯಾಕ್ಟೀರಿಯಾಕ್ಕೆ ಮನಸ್ಸಿದೆಯೇ? ನಮ್ಮ ಹೈಸ್ಕೂಲಿನ ಜೀವಶಾಸ್ತ್ರದ ತರಗತಿಯಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಟಿಬೆಟಿಯನ್ ಮಠಗಳ ವಿಜ್ಞಾನ ತರಗತಿಯಲ್ಲಿ ಭಿಕ್ಷುಗಳು ಪಟ್ಟು ಹಿಡಿದು ಕೇಳುತ್ತಾರೆ. ಅವರಿಗೆ ಇದು ಕುತೂಹಲದ ವಿಷಯವಲ್ಲ, ವ್ರತದ ವಿಷಯ. ಮನಸ್ಸಿರುವ ಜೀವಿಯನ್ನು ಕೊಲ್ಲಬಾರದು. ಕುಡಿಯುವ ನೀರಿನೊಡನೆ ಹುಳುಹುಪ್ಪಟೆ ಹೊಟ್ಟೆಗೆ ಹೋಗದಿರಲೆಂದು ಭಿಕ್ಷು ಸೋಸುವ ಬಟ್ಟೆ ಇಟ್ಟುಕೊಂಡಿರಬೇಕು ಎಂದು ವಿನಯದಲ್ಲಿ, ಅಂದರೆ ಭಿಕ್ಷುಗಳ ನಡತೆಯ ಸಂಹಿತೆಯಲ್ಲಿ, ನಿಯಮವೇ ಇದೆ. ಈಗ ಸೂಕ್ಷ್ಮದರ್ಶಕದ ಕೆಳಗಿಟ್ಟ ಒಂದು ಹನಿಯಲ್ಲಿ ಏನೋ ಓಡಾಡುತ್ತಿದೆ. ಸಕ್ಕರೆ ಇಟ್ಟರೆ ಹತ್ತಿರ ಬರುತ್ತದೆ, ವಿಷ ಬಿಟ್ಟರೆ ದೂರ ಸರಿಯುತ್ತದೆ. ಸುಖವನ್ನು ಬಯಸುವುದು, ದುಃಖದಿಂದ ಓಡುವುದು: ಮನಸ್ಸಿನ ಲಕ್ಷಣವೆಂದು ಗ್ರಂಥಗಳು ಹೇಳುವುದು ಇದನ್ನೇ ಅಲ್ಲವೇ? ಹಾಗಾದರೆ ಕ್ಷಯಕ್ಕೆ ಮಾತ್ರೆ ನುಂಗುವುದು ಹಿಂಸೆಯಾಯಿತೇ? ಎದುರು ಪಕ್ಷದವನೂ ಸುಮ್ಮನಿರುವುದಿಲ್ಲ. ಬಳ್ಳಿಯೂ ಬೆಳಕಿನ ಕಡೆಗೆ ತಿರುಗುತ್ತದೆ, ಗಿಡಮರಗಳಿಗೆ ಮನಸ್ಸಿದೆ ಎಂದು ನಮ್ಮ ಪರಂಪರೆ ಒಪ್ಪುತ್ತದೆಯೇ ಎಂದು ಕೇಳುತ್ತಾನೆ. ಪಾಠ ಹೇಳಲು ಬಂದ ಅಮೆರಿಕದ ಪ್ರಾಧ್ಯಾಪಕರು ಇಲ್ಲಿ ತಡವರಿಸುತ್ತಾರೆ. ಬ್ಯಾಕ್ಟೀರಿಯಾದ ಚಲನೆಯ ರಸಾಯನಶಾಸ್ತ್ರ ಅವರಿಗೆ ಗೊತ್ತು. ಮನಸ್ಸು ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಅವರ ಪಠ್ಯದಲ್ಲಿ ಒಪ್ಪಿತ ಉತ್ತರವಿಲ್ಲ.

ಇದು ನಡೆಯುತ್ತಿರುವುದು ದೂರದ ಹಿಮಾಲಯದಲ್ಲಿ ಮಾತ್ರವಲ್ಲ. ಟಿಬೆಟ್ಟಿನ ಲಾಸಾದ ಸುತ್ತಲಿದ್ದ ಮೂರು ಮಹಾ ಮಠಗಳು 1959ರ ನಂತರ ನೆಲೆ ಕಳೆದುಕೊಂಡು, ಬಂಗಾಳದ ಬಕ್ಸಾ ಶಿಬಿರದಲ್ಲಿ ಹತ್ತು ವರ್ಷ ನರಳಿ, ಕೊನೆಗೆ ಬೇರುಬಿಟ್ಟಿದ್ದು ಕರ್ನಾಟಕದಲ್ಲಿ. ಸೆರಾ ಮಠ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ. ಡ್ರೆಪುಂಗ್ ಮತ್ತು ಗಾಂಡೆನ್ ಉತ್ತರ ಕನ್ನಡದ ಮುಂಡಗೋಡದಲ್ಲಿವೆ. ನಾವು ಬೈಲಕುಪ್ಪೆಗೆ ಗೋಲ್ಡನ್ ಟೆಂಪಲ್ ನೋಡಲು ಹೋಗುತ್ತೇವೆ, ಫೋಟೊ ತೆಗೆದುಕೊಂಡು ಮೊಮೊ ತಿಂದು ಬರುತ್ತೇವೆ. ಅದರ ಪಕ್ಕದಲ್ಲೇ, ಇಪ್ಪತ್ತು ವರ್ಷದವರೆಗೂ ಹಿಡಿಯುವ ಗೆಶೆ ಎಂಬ ಬೌದ್ಧ ವಿದ್ವತ್ ಪದವಿಯ ಪಠ್ಯಕ್ರಮದೊಳಗೆ ಆಧುನಿಕ ವಿಜ್ಞಾನ ಸೇರಿಕೊಂಡಿದೆ ಎಂಬ ಸುದ್ದಿ ಕನ್ನಡದಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ 2008ರಲ್ಲಿ ಸಣ್ಣ ತಂಡವೊಂದಕ್ಕೆ ಪಾಠ ಶುರು ಮಾಡಿತು. 2014ರಿಂದ ಅದು ಈ ಮೂರು ಮಠಗಳ ಅಂಗಳಕ್ಕೇ ಬಂತು. ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಸೇರಿದ ಆರು ವರ್ಷದ ಪಠ್ಯ. ಪುಸ್ತಕಗಳು ಇಂಗ್ಲಿಷ್ ಮತ್ತು ಟಿಬೆಟಿಯನ್ ಎರಡೂ ಭಾಷೆಯಲ್ಲಿ. ನರವಿಜ್ಞಾನಿಗಳು, ಭೌತವಿಜ್ಞಾನಿಗಳು ದಲೈ ಲಾಮಾ ಅವರೊಡನೆ ನಡೆಸುತ್ತ ಬಂದಿರುವ ‘ಮೈಂಡ್ ಆ್ಯಂಡ್ ಲೈಫ್’ ಸಂವಾದ 1987ರಲ್ಲಿ ಧರ್ಮಶಾಲಾದ ಕೋಣೆಯೊಂದರಲ್ಲಿ ಶುರುವಾಯಿತು. 2013ರ ಜನವರಿಯಲ್ಲಿ ಅದೇ ಸಂವಾದ ಮುಂಡಗೋಡದ ಡ್ರೆಪುಂಗ್‌ನಲ್ಲಿ ಸಾವಿರಾರು ಭಿಕ್ಷುಗಳ ಎದುರು ನಡೆಯಿತು, 2015ರ ಡಿಸೆಂಬರಿನಲ್ಲಿ ಬೈಲಕುಪ್ಪೆಯ ಸೆರಾದಲ್ಲಿ.

ಇಷ್ಟು ಹೇಳಿದ ಕೂಡಲೇ ಕೇಳಿಬರುವ ಮಾತು ಒಂದಿದೆ: “ಬೌದ್ಧಧರ್ಮ ಮೊದಲಿನಿಂದಲೂ ವೈಜ್ಞಾನಿಕವೇ ಅಲ್ಲವೇ!” ನನಗೆ ತಕರಾರು ಇರುವುದು ಈ ಮಾತಿನ ಜೊತೆಗೆ. ಬೌದ್ಧರು ಮತ್ತು ವಿಜ್ಞಾನಿಗಳು ಒಟ್ಟಿಗೆ ಕುಳಿತು ಕೆಲಸ ಮಾಡುವುದು ಒಂದು ಸಂಗತಿ. ಬೌದ್ಧಧರ್ಮವೇ ವಿಜ್ಞಾನ ಎನ್ನುವುದು ಬೇರೆಯೇ ಸಂಗತಿ. ಮೊದಲನೆಯದು ನಿಜವಾಗಿ ನಡೆಯುತ್ತಿದೆ, ಕಷ್ಟದ್ದು, ಅಲ್ಲಿ ‘ಇಲ್ಲ’ ಎಂಬ ಉತ್ತರವೂ ಬರುತ್ತದೆ. ಎರಡನೆಯದು ವಸಾಹತು ಕಾಲದ ಒಂದು ವಾದದ ಮರಿಮಗು.

ಆ ವಾದ ಹುಟ್ಟಿದ ಬಗೆ ಸ್ವಾರಸ್ಯದ್ದು. 1873ರಲ್ಲಿ ಶ್ರೀಲಂಕಾದ ಪಾಣದುರಾದಲ್ಲಿ ಮೆಥಡಿಸ್ಟ್ ಪಾದ್ರಿಗೂ ಮೊಹೊಟ್ಟಿವತ್ತೆ ಗುಣಾನಂದ ಎಂಬ ಭಿಕ್ಷುವಿಗೂ ಬಹಿರಂಗ ವಾಗ್ವಾದ ನಡೆಯಿತು. ಲೋಕದ ನಡುವೆ ಇದೆಯೆಂದು ಬೌದ್ಧ ಗ್ರಂಥಗಳು ಹೇಳುವ ಮೇರುಪರ್ವತ ಎಲ್ಲಿದೆ ತೋರಿಸಿ ಎಂದು ಪಾದ್ರಿ ಗೇಲಿ ಮಾಡಿದರು. ಗುಣಾನಂದರು ಮೇರುವನ್ನು ಬಿಟ್ಟುಕೊಡಲಿಲ್ಲ. ನ್ಯೂಟನ್ನನ ಸಿದ್ಧಾಂತವನ್ನು ಯುರೋಪಿನವರೇ ಎಲ್ಲರೂ ಒಪ್ಪಿಲ್ಲವಲ್ಲ ಎಂದು ತಿರುಗೇಟು ಕೊಟ್ಟರು. ಅಂದರೆ ಬೌದ್ಧರ ಪರವಾಗಿ ನಿಂತವರು ಅಂದು ವಿಜ್ಞಾನದ ಎದುರು ಪಕ್ಷದಲ್ಲಿದ್ದರು. ಇಪ್ಪತ್ತೇ ವರ್ಷದ ನಂತರ, 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ, ವಿವೇಕಾನಂದರು ಮಾತನಾಡಿದ ಅದೇ ವೇದಿಕೆಯಲ್ಲಿ, ಶ್ರೀಲಂಕಾದ ಬೌದ್ಧ ನಾಯಕ ಅನಾಗರಿಕ (ಮನೆ ತೊರೆದವನೆಂಬ ಅರ್ಥದ ಬಿರುದು) ಧರ್ಮಪಾಲರು ಬುದ್ಧನ ಬೋಧನೆಯನ್ನು ವಿಕಾಸವಾದಕ್ಕೆ, ಕಾರ್ಯಕಾರಣ ನಿಯಮಕ್ಕೆ ಹೊಂದಿಸಿ ಮಂಡಿಸಿದರು. ನಡುವೆ ಆದದ್ದೇನು? ಮಿಷನರಿಗಳ ಕೈಯಲ್ಲಿದ್ದ ಆಯುಧವನ್ನೇ ಕಿತ್ತುಕೊಂಡು ಅವರ ಮೇಲೆ ತಿರುಗಿಸುವ ಜಾಣ್ಮೆ ಬಂತು. ಸೃಷ್ಟಿಕರ್ತ ದೇವರಿಲ್ಲದ ಧರ್ಮ ನಮ್ಮದು, ನಿಮ್ಮದಕ್ಕಿಂತ ವಿಜ್ಞಾನಕ್ಕೆ ಹತ್ತಿರ ಎಂದರು. ಅವಮಾನಕ್ಕೆ ಒಳಗಾದ ಜನರ ಉತ್ತರವಾಗಿ ಅದು ಅರ್ಥವಾಗುವಂಥದ್ದೇ. ಬರುವ ಕಾಲದ ಧರ್ಮ ಬೌದ್ಧಧರ್ಮವೇ ಎಂದು ಐನ್‌ಸ್ಟೈನ್ ಹೇಳಿದರೆಂದು ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಸುತ್ತುವ ಸಾಲು ಆ ಉತ್ತರದ ಉಳಿಕೆ. ಆ ಸಾಲು ಐನ್‌ಸ್ಟೈನರ ಬರಹಗಳಲ್ಲಿ ಎಲ್ಲೂ ಸಿಕ್ಕಿಲ್ಲ.

ಈ ವಾದದವರು ತಪ್ಪದೆ ಉದ್ಧರಿಸುವುದು ಕಾಲಾಮ ಸುತ್ತ ಎಂಬ ಬುದ್ಧನ ಉಪದೇಶವನ್ನು. ಕೇಸಪುತ್ತ ಎಂಬ ಊರಿನ ಕಾಲಾಮರಿಗೆ ಬುದ್ಧ ಹೇಳಿದ್ದು: ಪರಂಪರೆಯೆಂದು ನಂಬಬೇಡಿ, ಗ್ರಂಥದಲ್ಲಿದೆ ಎಂದು ನಂಬಬೇಡಿ, ಗುರು ಹೇಳಿದನೆಂದು ನಂಬಬೇಡಿ. ಪೋಸ್ಟರುಗಳು ಇಲ್ಲಿಗೆ ನಿಲ್ಲುತ್ತವೆ. ಸುತ್ತ ನಿಲ್ಲುವುದಿಲ್ಲ. ತರ್ಕದಿಂದ ಸಿದ್ಧವಾಯಿತೆಂದು ಕೂಡ ನಂಬಬೇಡಿ ಎಂಬುದೂ ಅದೇ ಪಟ್ಟಿಯಲ್ಲಿದೆ. ಕಾಲಾಮರು ಕೇಳಿದ್ದೂ ಭೂಮಿಯ ಆಕಾರದ ಬಗ್ಗೆ ಅಲ್ಲ. ಊರಿಗೆ ಬರುವ ಒಬ್ಬೊಬ್ಬ ಗುರುವೂ ಒಂದೊಂದು ಹೇಳುತ್ತಾನೆ, ಯಾರ ಮಾತಿನಂತೆ ನಡೆಯೋಣ ಎಂದು. ಲೋಭ, ದ್ವೇಷ, ಮೋಹದಿಂದ ಹುಟ್ಟಿ ಕೇಡು ತರುವುದನ್ನು ಬಿಡಿ. ವಿವೇಕಿಗಳು ಮೆಚ್ಚುವ, ಹಿತವಾಗುವುದನ್ನು ನೀವೇ ಕಂಡುಕೊಂಡು ಹಿಡಿಯಿರಿ ಎಂಬುದು ಉತ್ತರ. ಬದುಕುವ ಬಗೆಗೆ ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ. ಅದನ್ನು ಪ್ರಯೋಗಾಲಯದ ನಿಯಮಾವಳಿಯಾಗಿ ಓದುವುದು ಮಾತ್ರ ಅನ್ಯಾಯ.

ಟಿಬೆಟ್ಟಿನ ಒಳಗಿನಿಂದ ಬಂದ ದನಿ ಬೇರೆ ತೆರನಾದದ್ದು. ಗೆದುನ್ ಚೋಫೆಲ್ ಎಂಬ ಅಲೆಮಾರಿ ಪಂಡಿತ 1938ರಲ್ಲಿ ಕಲಿಂಪಾಂಗಿನಿಂದ ಹೊರಡುತ್ತಿದ್ದ ಟಿಬೆಟಿಯನ್ ಪತ್ರಿಕೆಯಲ್ಲಿ ಭೂಮಿ ಗುಂಡಗಿದೆ ಎಂದು ಬರೆದ. ಉಳಿದ ದೇಶಗಳ ಬೌದ್ಧರು ಒಪ್ಪಿದ ಮೇಲೂ ನಮ್ಮವರಷ್ಟೇ ಹಟ ಬಿಡುತ್ತಿಲ್ಲ ಎಂಬುದು ಅವನ ದೂರು. ಧರ್ಮಪಾಲರದ್ದು ಹೊರಗಿನವರನ್ನು ಗೆಲ್ಲುವ ಮಾತಾದರೆ, ಇದು ಮನೆಯವರ ತಪ್ಪನ್ನು ಮನೆಯ ಪತ್ರಿಕೆಯಲ್ಲೇ ಹೇಳುವ ಮಾತು. ಇವತ್ತಿನ ದಲೈ ಲಾಮಾ ಎರಡನೆಯ ದಾರಿಯವರು. ಬೌದ್ಧಧರ್ಮದ ಯಾವುದಾದರೂ ನಂಬಿಕೆ ತಪ್ಪೆಂದು ವಿಜ್ಞಾನ ಖಚಿತವಾಗಿ ತೋರಿಸಿದರೆ ಬೌದ್ಧಧರ್ಮವೇ ಬದಲಾಗಬೇಕು ಎಂದು ಅವರು 2005ರಲ್ಲಿ ಬರೆದರು, ಮೇರುಪರ್ವತದ ಲೋಕಚಿತ್ರವನ್ನು ಬಹಿರಂಗವಾಗಿ ಕೈಬಿಟ್ಟರು. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ನರವಿಜ್ಞಾನಿಗಳ ಬೃಹತ್ ಸಮಾವೇಶಕ್ಕೆ ಅವರನ್ನು ಕರೆದಾಗ ನೂರಾರು ವಿಜ್ಞಾನಿಗಳು ಸಹಿ ಹಾಕಿ ವಿರೋಧಿಸಿದರು. ಅವರು ಹೋದರು, ಮಾತನಾಡಿದರು, ಲೋಕ ಮುಳುಗಲಿಲ್ಲ.

ಇನ್ನು ಪ್ರಯೋಗಾಲಯದ ಲೆಕ್ಕ. 2004ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್‌ಸನ್ ಅವರ ತಂಡ ಎಂಟು ಮಂದಿ ಹಿರಿಯ ಸಾಧಕರ ತಲೆಗೆ ವಿದ್ಯುದ್ವಾರ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸಿತು. ಹತ್ತು ಸಾವಿರದಿಂದ ಐವತ್ತು ಸಾವಿರ ಗಂಟೆ ಧ್ಯಾನ ಮಾಡಿದವರು ಅವರು. ಕರುಣಾಧ್ಯಾನಕ್ಕೆ ಕುಳಿತಾಗ ಗ್ಯಾಮಾ ಎಂಬ ಅತಿವೇಗದ ಮಿದುಳಿನ ಅಲೆಗಳು ಕಂಡುಕೇಳರಿಯದಷ್ಟು ಎತ್ತರಕ್ಕೆ ಏರಿದವು. ಹೋಲಿಕೆಗೆಂದು ಕೂರಿಸಿದ್ದು ಒಂದು ವಾರ ಅಭ್ಯಾಸ ಮಾಡಿದ ಹತ್ತು ವಿದ್ಯಾರ್ಥಿಗಳನ್ನು. ಫಲಿತಾಂಶ ಬೆರಗು ಹುಟ್ಟಿಸುವಂಥದ್ದೇ, ಆದರೆ ಎಷ್ಟನ್ನು ಹೇಳುತ್ತದೆ? ಆ ಎಂಟು ಜನರ ಮಿದುಳು ಧ್ಯಾನದಿಂದ ಹಾಗಾಯಿತೋ, ಹಾಗಿದ್ದ ಮಿದುಳಿನವರೇ ಧ್ಯಾನದ ದಾರಿಯಲ್ಲಿ ಅಷ್ಟು ದೂರ ಹೋದರೋ ಈ ಪ್ರಯೋಗದಿಂದ ತಿಳಿಯುವುದಿಲ್ಲ. ಬೇರೆ ಊಟ, ಬೇರೆ ನಿದ್ದೆ, ಬೇರೆ ವಯಸ್ಸು, ಬೇರೆಯೇ ಬದುಕು.

2011ರಲ್ಲಿ ಇನ್ನೊಂದು ಪ್ರಬಂಧ ಬಂತು. ಎಂಟು ವಾರದ ಧ್ಯಾನ ತರಬೇತಿಯಿಂದ ಮಿದುಳಿನ ಬೂದು ದ್ರವ್ಯ ಹೆಚ್ಚುತ್ತದೆ ಎಂದಿತು. ತರಬೇತಿ ಪಡೆದವರು ಹದಿನಾರು ಜನ. ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು, ಧ್ಯಾನದ ಆ್ಯಪ್‌ಗಳು ಹಣೆಪಟ್ಟಿ ಮಾಡಿಕೊಂಡವು, ಬೆಂಗಳೂರಿನ ಕಂಪನಿಗಳ ಒತ್ತಡ ನಿವಾರಣಾ ಶಿಬಿರಗಳ ಸ್ಲೈಡುಗಳಲ್ಲಿ ಇವತ್ತಿಗೂ ಅದು ಬರುತ್ತದೆ. 2022ರಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಅದೇ ಎಂಟು ವಾರದ ತರಬೇತಿಯನ್ನು ಮತ್ತೆ ಪರೀಕ್ಷಿಸಿದರು. ಮಿದುಳಿನ ರಚನೆಯಲ್ಲಿ ಧ್ಯಾನದಿಂದಾದ ಬದಲಾವಣೆ ಏನೂ ಕಾಣಲಿಲ್ಲ. ಈ ‘ಇಲ್ಲ’ ಪ್ರಕಟಿಸಿದ್ದು ಧ್ಯಾನದ ವೈರಿಗಳಲ್ಲ, ಅದೇ ಡೇವಿಡ್‌ಸನ್ ಅವರ ಕೇಂದ್ರ. ನನಗೆ ಗ್ಯಾಮಾ ಅಲೆಗಿಂತ ಈ ಪ್ರಬಂಧವೇ ದೊಡ್ಡದಾಗಿ ಕಾಣುತ್ತದೆ. ಅದೇ ವರ್ಷ ಬ್ರಿಟನ್ನಿನ ಎಂಬತ್ತಕ್ಕೂ ಹೆಚ್ಚು ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶವೂ ಬಂತು: ಶಾಲೆಯಲ್ಲಿ ಹೇಳಿಕೊಟ್ಟ ಧ್ಯಾನದ ಪಾಠ ಮಾಮೂಲಿ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚಿನ ಒಳಿತನ್ನೇನೂ ಮಾಡಿಲ್ಲ.

ಹಾಗೆಂದು ಧ್ಯಾನ ಸುಳ್ಳೇ? ಅಲ್ಲ. 47 ಪ್ರಯೋಗಗಳನ್ನು, ಮೂರೂವರೆ ಸಾವಿರ ಜನರನ್ನು ಒಟ್ಟು ಸೇರಿಸಿ ನೋಡಿದ 2014ರ ಸಮೀಕ್ಷೆಯೊಂದು ಆತಂಕ, ಖಿನ್ನತೆ, ನೋವು ತಕ್ಕಮಟ್ಟಿಗೆ ಕಡಿಮೆಯಾಗುವುದಕ್ಕೆ ಮಧ್ಯಮ ದರ್ಜೆಯ ಪುರಾವೆ ಇದೆ ಎಂದಿತು. ಜೊತೆಗೆ ವ್ಯಾಯಾಮ, ಔಷಧ, ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಪುರಾವೆ ಇಲ್ಲವೆಂದೂ ಹೇಳಿತು. ಬೆಳಗಿನ ನಡಿಗೆಯಷ್ಟು ಒಳ್ಳೆಯದು ಎಂದರೆ ಅದೇನು ಸಣ್ಣ ಪ್ರಮಾಣಪತ್ರವಲ್ಲ. ಆದರೆ ಭಿಕ್ಷು ಧ್ಯಾನಕ್ಕೆ ಕೂರುವುದು ರಕ್ತದೊತ್ತಡ ಇಳಿಸಲು ಅಲ್ಲ. ಹುಟ್ಟುಸಾವಿನ ಚಕ್ರದಿಂದ ಬಿಡುಗಡೆಗೆ. 1979ರಲ್ಲಿ ಜಾನ್ ಕಬಾಟ್ ಜಿನ್ ಮ್ಯಾಸಚೂಸೆಟ್ಸಿನ ಆಸ್ಪತ್ರೆಗೆ ಧ್ಯಾನವನ್ನು ತಂದಾಗ ಬಿಡುಗಡೆಯನ್ನು ಹೊರಗೆ ಬಿಟ್ಟು ಉಸಿರನ್ನಷ್ಟೇ ಒಳಗೆ ತಂದರು. ಅಳೆಯಲು ಸಾಧ್ಯವಾಗಿದ್ದು ಅದರಿಂದಲೇ. ಅಳೆದದ್ದು ಬೌದ್ಧಧರ್ಮವನ್ನಲ್ಲ ಎಂಬುದೂ ಅದರಿಂದಲೇ.

ಬೌದ್ಧರ ನಂಬಿಕೆಯನ್ನೇ ನೇರವಾಗಿ ಅಳೆಯಲು ಹೋದ ಸಂಶೋಧನೆಯೂ ಉಂಟು. ಥುಕ್‌ದಮ್ ಎನ್ನುತ್ತಾರೆ: ಉಸಿರು ನಿಂತು, ಹೃದಯ ನಿಂತು, ವೈದ್ಯರು ಸಾವನ್ನು ಘೋಷಿಸಿದ ಮೇಲೂ ಕೆಲವು ಸಾಧಕರ ದೇಹ ದಿನಗಟ್ಟಲೆ ಕೊಳೆಯದೆ, ವಾಸನೆ ಬಾರದೆ ಉಳಿಯುತ್ತದೆ, ಅವರ ಅತಿಸೂಕ್ಷ್ಮ ಚಿತ್ತ ಇನ್ನೂ ಧ್ಯಾನದಲ್ಲಿದೆ ಎಂದು ನಂಬಿಕೆ. ಮಠದವರು ಆ ಕೋಣೆಯಲ್ಲಿ ಸದ್ದು ಮಾಡುವುದಿಲ್ಲ, ದೇಹವನ್ನು ಮುಟ್ಟುವುದಿಲ್ಲ. ಇಂಥ ಕೋಣೆಯೊಳಗೆ ಯಂತ್ರ ತರಲು ಮಠಗಳು ಒಪ್ಪಿದ್ದೇ ಒಂದು ಸೋಜಿಗ. ಡೇವಿಡ್‌ಸನ್ ಅವರ ಕೇಂದ್ರದ ತಂಡ ಭಾರತದಲ್ಲಿ ನಡೆಸಿದ ಈ ಅಧ್ಯಯನದಲ್ಲಿ ತೀರಿಕೊಂಡವರ ಕಿವಿಗೆ ಒಂದೇ ಬಗೆಯ ಸದ್ದನ್ನು ಮತ್ತೆ ಮತ್ತೆ ಕೇಳಿಸಿ, ನಡುನಡುವೆ ಬೇರೆ ಸದ್ದೊಂದನ್ನು ಸೇರಿಸಿದರು. ಬದುಕಿರುವವರ ಮಿದುಳು, ಗಮನ ಕೊಡದಿದ್ದಾಗಲೂ, ಆ ಬೇರೆ ಸದ್ದಿಗೆ ಪುಟ್ಟ ಅಲೆಯೊಂದನ್ನು ಎಬ್ಬಿಸುತ್ತದೆ. ಅದೇ ಉಪಕರಣ ಜೀವಂತ ಭಿಕ್ಷುಗಳ ತಲೆಯಲ್ಲಿ ಆ ಅಲೆಯನ್ನು ಸ್ಪಷ್ಟವಾಗಿ ಹಿಡಿಯಿತು. ಥುಕ್‌ದಮ್‌ನಲ್ಲಿದ್ದಾರೆ ಎನ್ನಲಾದ ಒಬ್ಬರಲ್ಲೂ ಏನೂ ಸಿಗಲಿಲ್ಲ. 2021ರಲ್ಲಿ ಹಾಗೆಂದೇ ಪ್ರಕಟಿಸಿದರು. ಸಾವಿನ ತಕ್ಷಣದ ಗಂಟೆಗಳ ದಾಖಲೆ ಸಿಕ್ಕಿರಲಿಲ್ಲ ಎಂಬ ಮಿತಿ ಇದೆ. ದೇಹ ನಿಧಾನವಾಗಿ ಕೊಳೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಮಠದ ತರ್ಕ ಇದನ್ನು ಹೇಗೆ ಎದುರಿಸುತ್ತದೆ ನೋಡಿ. ದಲೈ ಲಾಮಾ ಪದೇ ಪದೇ ಹೇಳುವ ಒಂದು ಭೇದವಿದೆ: ಒಂದು ವಸ್ತು ಸಿಗದೇ ಹೋಗುವುದು ಬೇರೆ, ಅದು ಇಲ್ಲ ಎಂದು ಸಿಗುವುದು ಬೇರೆ. ಕೇಳಿದವರಿಗೆ ಜಾರಿಕೊಳ್ಳುವ ಮಾತೆನಿಸಬಹುದು. ಆದರೆ ಇದಕ್ಕೆ ಏಳನೆಯ ಶತಮಾನದ ಧರ್ಮಕೀರ್ತಿಯ ಪ್ರಮಾಣಶಾಸ್ತ್ರದ ಗಟ್ಟಿ ತಳಪಾಯವಿದೆ. ಪ್ರತ್ಯಕ್ಷ (ನೇರವಾಗಿ ಕಾಣುವುದು) ಮತ್ತು ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿಯುವುದು) ಎರಡನ್ನೇ ಪ್ರಮಾಣವೆಂದು, ಅಂದರೆ ಸರಿಯಾದ ತಿಳಿವಿನ ದಾರಿಯೆಂದು, ಒಪ್ಪಿದ ಪರಂಪರೆ ಅದು. ಕೋಣೆಯಲ್ಲಿ ಮಡಕೆ ಇದ್ದಿದ್ದರೆ ಕಾಣಲೇಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ: ಇದು ಸರಿಯಾದ ಅನುಪಲಬ್ಧಿ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಕೋಣೆಯಲ್ಲಿ ಪಿಶಾಚಿ ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಎಂದರೆ ಧರ್ಮಕೀರ್ತಿ ಒಪ್ಪುವುದಿಲ್ಲ. ಇದ್ದರೂ ಕಾಣದ ವಸ್ತುವಿನ ಬಗ್ಗೆ ಕಾಣದಿರುವುದು ಏನನ್ನೂ ಸಾಧಿಸುವುದಿಲ್ಲ. ಮೇರುಪರ್ವತ ಮಡಕೆಯ ಜಾತಿಗೆ ಸೇರಿದ್ದರಿಂದ ಬಿದ್ದುಹೋಯಿತು. ಪುನರ್ಜನ್ಮ ಪಿಶಾಚಿಯ ಜಾತಿಗೆ ಸೇರಿದ್ದರಿಂದ ನಿಂತಿದೆ.

ಒಂದು ಪಾದ ನೆಲಕ್ಕೆ ಅಪ್ಪಳಿಸಿ, ಕೈಗೆ ಕೈ ಹೊಡೆದು ಪ್ರಶ್ನೆ ಎಸೆಯುವ ವಾದದ ಅಂಗಳದಲ್ಲಿ ಮನಸ್ಸು ಮಿದುಳಿನ ಉತ್ಪನ್ನವೇ ಎಂಬ ಪ್ರಶ್ನೆ ಹೊಸದಲ್ಲ. ಮನಸ್ಸು ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳಿಂದ ಹುಟ್ಟುತ್ತದೆ, ದೇಹದೊಡನೆ ಮುಗಿಯುತ್ತದೆ ಎಂದ ಚಾರ್ವಾಕರಿಗೆ ಧರ್ಮಕೀರ್ತಿ ಉತ್ತರ ಬರೆದಿದ್ದಾನೆ: ಜಡವು ಚಿತ್ತಕ್ಕೆ ಸಹಕಾರಿ ಕಾರಣವಾಗಬಹುದು, ಉಪಾದಾನ ಕಾರಣ (ಮಡಕೆಗೆ ಮಣ್ಣಿನಂತೆ ಮೂಲ ಸಾಮಗ್ರಿ) ಆಗಲಾರದು, ಚಿತ್ತಕ್ಕೆ ಹಿಂದಿನ ಕ್ಷಣದ ಚಿತ್ತವೇ ಉಪಾದಾನ. ನರವಿಜ್ಞಾನಿ ಮುಂಡಗೋಡಕ್ಕೆ ಬಂದು ಕುಳಿತಾಗ ಭಿಕ್ಷುವಿನ ಕಣ್ಣಿಗೆ ಅವನು ಎಂಆರ್‌ಐ ಯಂತ್ರ ಹಿಡಿದು ಬಂದ ಚಾರ್ವಾಕ. ನಮ್ಮ ದೇಶದ ಹಳೆಯ ವಾದವೊಂದು ಇಷ್ಟು ಜೀವಂತವಾಗಿ ಮುಂದುವರಿಯುತ್ತಿರುವ ಜಾಗ ಇನ್ನೊಂದು ನನಗೆ ಕಾಣದು. ಭಿಕ್ಷುಗಳ ಪಕ್ಷದಲ್ಲಿ ಬಲವಿಲ್ಲದೆಯೂ ಇಲ್ಲ. ನರಕೋಶದ ಮಿಡಿತ ಅನುಭವವಾಗುವುದು ಹೇಗೆ ಎಂಬುದನ್ನು ವಿಜ್ಞಾನ ಇನ್ನೂ ವಿವರಿಸಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಯಾವ ಅಳತೆಗೂ ಸಿಗದ ಅತಿಸೂಕ್ಷ್ಮ ಚಿತ್ತ ಎಂದ ಕ್ಷಣವೇ ಆ ಪ್ರತಿಪಾದನೆ ಪ್ರಯೋಗಾಲಯದಿಂದ ಹೊರಗೆ ಹೋಯಿತು. ಹೊರಗಿರಲು ಅದಕ್ಕೆ ಎಲ್ಲ ಹಕ್ಕಿದೆ. ಹೊರಗಿದ್ದುಕೊಂಡು ‘ವೈಜ್ಞಾನಿಕ’ ಎಂಬ ಬಿರುದು ಕೇಳುವಂತಿಲ್ಲ.

ಕರ್ನಾಟಕದ ಎಲ್ಲ ಬೌದ್ಧರೂ ಪುನರ್ಜನ್ಮದ ಪಕ್ಷದಲ್ಲಿಲ್ಲ ಎಂಬುದನ್ನು ಇಲ್ಲೇ ನೆನೆಯಬೇಕು. ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗುವವರಲ್ಲಿ ಬಹುಮಂದಿ ಬಂದದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತೆರೆದ ದಾರಿಯಿಂದ. ತರ್ಕಕ್ಕೆ ಒಗ್ಗುವುದೇ ಬುದ್ಧವಚನದ ಗುರುತು ಎಂದರು ಅವರು. ಹಿಂದಿನ ಜನ್ಮದ ಕರ್ಮ ಈ ಜನ್ಮದ ಬಡತನ, ಜಾತಿ ಎಲ್ಲಕ್ಕೂ ಕಾರಣ ಎಂಬ ನಂಬಿಕೆಯನ್ನು ಅವರು ತಳ್ಳಿಹಾಕಿದ್ದು ಪ್ರಯೋಗಾಲಯದ ಕಾರಣಕ್ಕಲ್ಲ. ತುಳಿದವನನ್ನು ಆ ನಂಬಿಕೆ ನಿರಪರಾಧಿಯಾಗಿಸುತ್ತದೆ ಎಂಬ ಕಾರಣಕ್ಕೆ. ಅಂಬೇಡ್ಕರ್‌ವಾದಿಯೊಬ್ಬರು ಬುದ್ಧ ವೈಜ್ಞಾನಿಕ ಎಂದಾಗ ಅದರ ಹಿಂದಿರುವುದು ಈ ಸಿಟ್ಟು, ಗ್ಯಾಮಾ ಅಲೆಯಲ್ಲ. ಒಂದೇ ರಾಜ್ಯದ ಎರಡು ಊರುಗಳಲ್ಲಿ ಒಂದೇ ಬುದ್ಧನ ಹೆಸರಿನಲ್ಲಿ ಪುನರ್ಜನ್ಮದ ಬಗ್ಗೆ ಎದುರುಬದುರಾದ ನಿಲುವುಗಳಿವೆ. ಕಾಲಾಮ ಸುತ್ತವನ್ನು ಇಬ್ಬರೂ ಉದ್ಧರಿಸುತ್ತಾರೆ.

ಪುನರ್ಜನ್ಮವನ್ನು ಪರೀಕ್ಷಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ದಶಕಗಟ್ಟಲೆ ದಾಖಲಿಸಿದರು. ಅವರೊಡನೆ ಭಾರತದ ಪ್ರಕರಣಗಳ ಮೇಲೆ ಕೆಲಸ ಮಾಡಿದವರು ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ. ಸ್ಟೀವನ್‌ಸನ್ ಸ್ವತಃ ತಮ್ಮ ಪ್ರಕರಣಗಳನ್ನು ಪುನರ್ಜನ್ಮದ ‘ಸೂಚನೆ’ ಎಂದರೇ ಹೊರತು ಅದು ಸಾಬೀತಾಯಿತು ಎನ್ನಲಿಲ್ಲ. ಕಷ್ಟ ಇರುವುದು ಇಲ್ಲಿ: ಸಂಶೋಧಕರು ಊರಿಗೆ ಬರುವಷ್ಟರಲ್ಲಿ ಎರಡೂ ಮನೆಯವರು ಭೇಟಿಯಾಗಿ, ಅತ್ತು, ಕಥೆ ಹಂಚಿಕೊಂಡಾಗಿರುತ್ತದೆ. ಮಗು ಮೊದಲು ಏನು ಹೇಳಿತ್ತು, ದೊಡ್ಡವರು ಆಮೇಲೆ ಏನು ಸೇರಿಸಿದರು ಎಂದು ಬಿಡಿಸುವುದು ಕಷ್ಟ.

ಈ ಪ್ರಶ್ನೆ ಈಗ ತಾತ್ವಿಕವಾಗಿ ಮಾತ್ರ ಉಳಿದಿಲ್ಲ. 2025ರ ಜುಲೈ 2ರಂದು, ತೊಂಬತ್ತನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ, ದಲೈ ಲಾಮಾ ತಮ್ಮ ನಂತರವೂ ಪೀಠ ಮುಂದುವರಿಯುತ್ತದೆ, ಮುಂದಿನ ಅವತಾರವನ್ನು ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದು ಎಂದು ಘೋಷಿಸಿದರು. ಅಧಿಕಾರ ತನ್ನದೆಂದು ಬೀಜಿಂಗ್ ಹೇಳುತ್ತಿದೆ. ಪುನರ್ಜನ್ಮವನ್ನು ಮೇರುವಿನಂತೆ ಸುಲಭವಾಗಿ ಕೈಬಿಡಲಾಗದಿರುವುದಕ್ಕೆ ಇದೂ ಕಾರಣ: ಮೇರುವಿನ ಮೇಲೆ ಯಾವ ಪೀಠವೂ ನಿಂತಿರಲಿಲ್ಲ. ಇದರ ಮೇಲೆ ಒಂದು ದೇಶಭ್ರಷ್ಟ ಜನಾಂಗದ ನಾಯಕತ್ವವೇ ನಿಂತಿದೆ.

ಹಿಂದಿನ ಆಯ್ಕೆ ನಡೆದ ರೀತಿಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದರೆ ಕುತೂಹಲ ಹುಟ್ಟುತ್ತದೆ. ಮಠದ ವೃತ್ತಾಂತದ ಪ್ರಕಾರ, ಅಮ್ದೋ ಪ್ರಾಂತದ ತಕ್ತ್ಸೇರ್ ಎಂಬ ಹಳ್ಳಿಗೆ ಬಂದ ಶೋಧ ತಂಡದ ಮುಖ್ಯಸ್ಥ, ಸೆರಾ ಮಠದ ಲಾಮಾ, ಆಳಿನ ವೇಷ ತೊಟ್ಟಿದ್ದರು. ಎರಡು ವರ್ಷದ ಮಗು ಅವರನ್ನು ‘ಸೆರಾ ಲಾಮಾ’ ಎಂದು ಕರೆಯಿತು. ಹದಿಮೂರನೆಯ ದಲೈ ಲಾಮಾ ಅವರ ವಸ್ತುಗಳ ಜೊತೆ ಬೇರೆ ವಸ್ತುಗಳನ್ನೂ ಇಟ್ಟಾಗ ಸರಿಯಾದದ್ದನ್ನೇ ಹಿಡಿದು ನನ್ನದು ಎಂದಿತು. ವೇಷ ಮರೆಸುವುದು, ನಕಲಿ ವಸ್ತುಗಳನ್ನು ಬೆರೆಸುವುದು: ಒಳ್ಳೆಯ ಪ್ರಯೋಗದ ಅರ್ಧ ಎಚ್ಚರಿಕೆ ಅಲ್ಲಿತ್ತು. ಇಲ್ಲದ್ದು ಉಳಿದರ್ಧ. ಯಾವುದು ಅಸಲಿ ಎಂಬುದು ವಸ್ತುವನ್ನು ಮುಂದಿಟ್ಟವರಿಗೂ ಗೊತ್ತಿರಬಾರದು, ಏಕೆಂದರೆ ಎರಡು ವರ್ಷದ ಮಗು ಕೈಗಿಂತ ಮುಂಚೆ ಮುಖವನ್ನು ಓದುತ್ತದೆ. ಎಷ್ಟು ಮಕ್ಕಳಿಗೆ ಇದೇ ಪರೀಕ್ಷೆ ಕೊಟ್ಟರು, ಎಷ್ಟು ಮಕ್ಕಳು ತಪ್ಪಿದರು ಎಂಬ ಲೆಕ್ಕ ಮೊದಲೇ ಬರೆದಿಡಬೇಕು. ಥುಕ್‌ದಮ್ ಕೋಣೆಗೆ ಯಂತ್ರ ತಂದ ವಿಜ್ಞಾನ ಕೇಳುವ ಶಿಸ್ತು ಇಷ್ಟೇ. ಮುಂದಿನ ಶೋಧ ತಂಡ ಹೊರಡುವಾಗ ಮುಂಡಗೋಡದಲ್ಲಿ ಆರು ವರ್ಷ ವಿಜ್ಞಾನ ಓದಿದ ಗೆಶೆಗಳು ಅದರಲ್ಲಿರಬಹುದು. ಅವರಲ್ಲೊಬ್ಬರು ಈ ಎರಡು ಷರತ್ತುಗಳನ್ನು ಮುಂದಿಡುತ್ತಾರೆಯೇ, ಬೀಜಿಂಗ್ ತನ್ನದೇ ಮಗುವನ್ನು ಪೀಠಕ್ಕೆ ಕೂರಿಸಲು ಕಾಯುತ್ತಿರುವಾಗ ‘ಇಲ್ಲ’ ಎಂಬ ಫಲಿತಾಂಶಕ್ಕೆ ಜಾಗವಿರುವ ಪರೀಕ್ಷೆಯನ್ನು ಯಾರಾದರೂ ಒಪ್ಪುತ್ತಾರೆಯೇ? ಒಪ್ಪುವುದಿಲ್ಲ ಎಂದೇ ನನ್ನ ಅಂದಾಜು. ಅವರ ಜಾಗದಲ್ಲಿದ್ದರೆ ನಾನೂ ಒಪ್ಪುತ್ತಿರಲಿಲ್ಲವೇನೋ.